ಬಾಯಿ ಬಿಡದಿರುವ ಹಕ್ಕು

ರಾಮಪ್ರಸಾದ ಮೈಗೆಲ್ಲ ಸೋಪು ಹಚ್ಚಿಕೊಂಡು, "ನಮಸ್ಕಾರ, ಯಾವ ಎಕ್ಸ್‌ಟೆನ್ಷನ್ ಬೇಕು ಸಾರ್?" ಎಂದು ಬಚ್ಚಲುಮನೆಯ ಗೋಡೆಯನ್ನು ವಿನಯದಿಂದ ಕೇಳುತ್ತಿದ್ದಾಗ ವಠಾರಕ್ಕೆ ಪೊಲೀಸು ಬಂತು.

ಗೋಡೆಗೆ ಈ ಪ್ರಶ್ನೆ ಹೊಸದಲ್ಲ. ಪೀಣ್ಯದ ನಟ್ಟು ಬೋಲ್ಟಿನ ಶೆಡ್ಡೊಂದರಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದ ರಾಮಪ್ರಸಾದನಿಗೆ ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಆಗುವುದರಲ್ಲಿತ್ತು. ಇಂಟರ್‌ವ್ಯೂನಲ್ಲಿ ಅವನ ಗಂಟಲನ್ನು ದೊಡ್ಡ ಸಾಹೇಬರೇ ಮೆಚ್ಚಿದ್ದರು. "ಆರ್ಡರು ಪೋಸ್ಟಿನಲ್ಲಿ ಬರುತ್ತೆ" ಎಂದು ಹೇಳಿ ಕಳಿಸಿದ್ದರು. ಆ ಕೆಲಸ ಅಂದರೆ ಕ್ವಾರ್ಟರ್ಸು, ಕ್ಯಾಂಟೀನು, ಕಾರ್ಖಾನೆಯದೇ ಬಸ್ಸು, ಹೆಂಡತಿ ವತ್ಸಲಾಗೆ ಯಾರ ಜೊತೆಗೂ ಜಗಳವಾಡದೆ ನೀರು ಹಿಡಿಯಲು ಒಂದು ಸ್ವಂತ ನಲ್ಲಿ. ಇಡೀ ವಠಾರ ಪೋಸ್ಟ್‌ಮನ್ನಿನ ದಾರಿ ನೋಡುತ್ತಿತ್ತು. ಬಂದದ್ದು ಸೈಕಲ್ಲಿನ ಮೇಲೆ ದಫೇದಾರ ನಲ್ಲಪ್ಪ.

ರಾಮಪ್ರಸಾದ ಎತ್ತಿದ ಚೊಂಬನ್ನು ಎತ್ತಿದ ಹಾಗೇ ಹಿಡಿದು ನಿಂತ. ಹೊರಗಿನ ಮಾತು ಕಿಂಡಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

"ರಾಮಪ್ರಸಾದ್ ಅನ್ನೋರು ಇಲ್ಲೇ ಅವ್ರೇನಮ್ಮಾ?"

ವಠಾರದ ಒಡತಿ ಭದ್ರಮ್ಮ ಸೆರಗು ಎಳೆದುಕೊಂಡಳು. "ಇದ್ರು ಸಾರ್. ಈಗ ಊರಲ್ಲಿಲ್ಲ."

"ಎಷ್ಟು ವರ್ಸದಿಂದ ಅವ್ರೆ? ಜನ ಎಂಗೆ?"

"ನನಗೇನ್ ಗೊತ್ತು ಸಾರ್. ಬಾಡಿಗೆಯವ್ರು. ನಾನು ಅವ್ರ ಮುಖಾನೂ ಸರಿಯಾಗಿ ನೋಡಿಲ್ಲ."

ಹಿಂದಿನ ದಿನ ರಾತ್ರಿ ವತ್ಸಲಾ ಮಾಡಿದ ಹುಳಿಗೆ ಉಪ್ಪು ಕಮ್ಮಿ ಎಂದು ಎರಡನೇ ಸಲ ಬಡಿಸಿಕೊಂಡು ಹೇಳಿದವಳು ಇದೇ ಭದ್ರಮ್ಮ. ಆದರೆ ಪೊಲೀಸಿನ ಎದುರಿಗೆ ನೆನಪಿನ ಶಕ್ತಿ ಇಟ್ಟುಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ.

"ನಿಮಗೆ ಪರಿಚಯ ಐತಾ ಸ್ವಾಮಿ?" ನಲ್ಲಪ್ಪ ಜಗಲಿಯ ಕಡೆ ತಿರುಗಿದ. ಅಲ್ಲಿ ಕೂತಿದ್ದವರು ರಿಟೈರಾದ ಶ್ಯಾಮಣ್ಣ, ವಠಾರದ ಸಕಲ ವಿಷಯಗಳ ಸಲಹೆಗಾರರು.

"ಹೆಸರು ಎಲ್ಲೋ ಕೇಳಿದ ಹಾಗಿದೆ," ಎಂದರು ಶ್ಯಾಮಣ್ಣ, ರಾಮಪ್ರಸಾದನದೇ ಪೇಪರನ್ನು ಮಗುಚುತ್ತಾ.

"ಬಂದ್ರೆ ಟೇಸನ್‌ಗೆ ಬಂದೋಗಕ್ಕೆ ಯೋಳಿ. ಇವತ್ತೇ ಬರ್ಲಿ." ಸೈಕಲ್ ಬೆಲ್ಲಿನ ಸದ್ದು ದೂರವಾಯಿತು.

ಒಣಗಿದ ಸೋಪಿನ ಸಮೇತ ರಾಮಪ್ರಸಾದ ಹೊರಗೆ ಬಂದಾಗ ಅಂಗಳದಲ್ಲಿ ಸಾವಿನ ಮನೆಯ ಕಳೆ ಇತ್ತು. ವತ್ಸಲಾ ಮಾತ್ರ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ರೀ, ಇನ್ನೂ ತಿರುವಿನಲ್ಲೇ ಇದಾರೆ. ಯಾಕಂತೆ ಅಂತ ಓಡಿಹೋಗಿ ಕೇಳ್ಕೊಂಡು ಬರ್ಲಾ?"

"ಸುಮ್ನಿರಮ್ಮಾ," ಶ್ಯಾಮಣ್ಣ ಗದರಿದರು. "ಪೊಲೀಸರನ್ನ ಯಾಕೆ ಅಂತ ಕೇಳೋದುಂಟೇನು? ಎಮರ್ಜೆನ್ಸೀಲಿ ಯಾಕೆ ಅಂತ ಕೇಳಿದವರೆಲ್ಲ ಎಲ್ಲಿಗೆ ಹೋದ್ರು ಗೊತ್ತಾ?"

ಎಲ್ಲಿಗೆ ಹೋದರು ಎಂಬುದು ಶ್ಯಾಮಣ್ಣನಿಗೂ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರಿಗೂ ಹೆಚ್ಚು ಹೆದರಿಕೆಯಾಯಿತು.

"ಎಮರ್ಜೆನ್ಸಿ ಮುಗಿದು ವರ್ಷದ ಮೇಲಾಯ್ತಲ್ಲ ಶ್ಯಾಮಣ್ಣನೋರೇ," ಎಂದ ರಾಮಪ್ರಸಾದ ಕ್ಷೀಣವಾಗಿ.

"ಮುಗೀತು ಕಣಯ್ಯಾ. ಆದ್ರೆ ಆಗ ಕಿತ್ಕೊಂಡ ಹಕ್ಕುಗಳನ್ನೆಲ್ಲ ವಾಪಸ್ ಕೊಟ್ರು ಅಂತ ನಿನಗೆ ಯಾರಾದ್ರೂ ಬಂದು ಹೇಳಿದಾರಾ? ನನಗಂತೂ ಹೇಳಿಲ್ಲ. ಇರ್ಲಿ, ನೀನು ಏನು ಮಾಡ್ದೆ ಅದನ್ನ ಹೇಳು."

ರಾಮಪ್ರಸಾದ ಯೋಚಿಸಿದ. ಹಿಂದಿನ ವಾರ ಪಕ್ಕದ ಶೆಡ್ಡಿನ ಗೇಟಿನ ಮುಂದೆ ಯೂನಿಯನ್ನಿನವರ ಭಾಷಣ ನಡೆದಿತ್ತು. ಅವನು ಕಡಲೆಕಾಯಿ ತಿನ್ನುತ್ತಾ ಹಿಂದುಗಡೆ ನಿಂತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದಾಗ, ಕೈಯಲ್ಲಿದ್ದ ಸಿಪ್ಪೆ ಉದುರಿಸುವ ನೆಪದಲ್ಲಿ ತಾನೂ ಎರಡು ಸಲ ತಟ್ಟಿದ್ದ. ಆ ಸಂಜೆ ಯಾರೋ ಬಸ್ಸಿನ ಗಾಜು ಒಡೆದಿದ್ದರು.

"ಅಷ್ಟು ಸಾಕು," ಶ್ಯಾಮಣ್ಣ ಕಣ್ಣು ಮುಚ್ಚಿಕೊಂಡರು. "ಒಂದು ಕೇಸು ಬಿದ್ರೆ ಸರ್ಕಾರಿ ಕಾರ್ಖಾನೆ ಕೆಲಸಕ್ಕೆ ಎಳ್ಳು ನೀರು. ನಮ್ಮ ಕಾಲದಲ್ಲಾದ್ರೆ ಗೇಟಿನ ಮುಂದೆ ನಿಂತವರನ್ನ ಒಳಗೆ ಕರೆದು ಕೆಲಸ ಕೊಡ್ತಿದ್ರು. ಈಗ ಹಾಗಲ್ಲ. ಆರ್ಡರು ಬರೋವರೆಗೂ ಅವರ ಕೈಗೆ ಸಿಗಬೇಡ."

ವಠಾರ ಸಿಕ್ಕಾಪಟ್ಟೆ ಚುರುಕಾಯಿತು. ಪರಿಚಯವಿಲ್ಲ ಎಂದವರೇ ಮುಂದೆ ನಿಂತು ಅವನಿಗೆ ವೇಷ ಹಾಕಿದರು. ಶ್ಯಾಮಣ್ಣನ ಮಂಕಿ ಟೋಪಿ, ಭದ್ರಮ್ಮನ ಗಂಡನ ಕಂಬಳಿ, ಒಂದು ಊರುಗೋಲು. ಚಿಕ್ಕಬಾಣಾವರದಲ್ಲಿ ವತ್ಸಲಾಳ ಅಕ್ಕನ ಗಂಡ ದ್ವಾರಕಾನಾಥನಿದ್ದ. ಲಾ ಓದಿದವನು. ಅಲ್ಲಿಗೆ ಹೋಗಿ ಬಚ್ಚಿಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಬಿರುಬಿಸಿಲಿನಲ್ಲಿ ಕಂಬಳಿ ಹೊದ್ದು ಬಸ್‌ಸ್ಟಾಪಿಗೆ ಬಂದರೆ, ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ನಲ್ಲಪ್ಪ ಕೂತಿದ್ದ. ರಾಮಪ್ರಸಾದ ಊರುಗೋಲಿನ ಮೇಲೆ ಇನ್ನೂ ಹತ್ತು ವರ್ಷ ಬಗ್ಗಿದ.

"ಏನ್ ತಾತ, ಇಂಥ ಬಿಸ್ಲಲ್ಲಿ ಕಂಬ್ಳಿ? ಚಳಿಜ್ವರವಾ?"

ರಾಮಪ್ರಸಾದ ಕೆಮ್ಮಿದ. ಅಷ್ಟರಲ್ಲಿ ಬಸ್ಸು ಬಂತು. ನಲ್ಲಪ್ಪ ಟೀ ಲೋಟ ಕೆಳಗಿಟ್ಟು ಎದ್ದು ಬಂದು ಅವನ ತೋಳನ್ನು ಗಟ್ಟಿಯಾಗಿ ಹಿಡಿದ. ರಾಮಪ್ರಸಾದನಿಗೆ ಕ್ವಾರ್ಟರ್ಸು, ಕ್ಯಾಂಟೀನು, ನಲ್ಲಿ ಎಲ್ಲವೂ ಕಣ್ಣೆದುರಿಗೇ ಕರಗಿದವು.

"ಉಷಾರು ತಾತ, ಮೆಟ್ಲು ಐತೆ," ಎಂದು ನಲ್ಲಪ್ಪ ಅವನನ್ನು ಜೋಪಾನವಾಗಿ ಬಸ್ಸಿಗೆ ಹತ್ತಿಸಿದ. "ಕಂಡಕ್ಟ್ರೇ, ತಾತಂಗೆ ಒಂದು ಸೀಟು ಮಾಡ್ಕೊಡಿ."

ಬಸ್ಸು ಹೊರಟು ತುಂಬ ಹೊತ್ತಾದರೂ ಆ ತೋಳಿನಲ್ಲಿ ದಫೇದಾರನ ಬೆರಳುಗಳು ಇನ್ನೂ ಇವೆ ಎಂದೇ ಅವನಿಗೆ ಅನ್ನಿಸುತ್ತಿತ್ತು.

ದ್ವಾರಕಾನಾಥ ಲಾ ಓದಿದ್ದು ನಿಜ. ಮಾಡುತ್ತಿದ್ದದ್ದು ಸೈಟುಗಳ ಕ್ರಯಪತ್ರ. ಬಹಳ ವರ್ಷಗಳ ನಂತರ ಒಂದು ಜೀವಂತ ಪೊಲೀಸ್ ವ್ಯವಹಾರ ಮನೆ ಬಾಗಿಲಿಗೆ ಬಂದದ್ದಕ್ಕೆ ಅವನಿಗೆ ಒಳಗೊಳಗೇ ಸಂತೋಷವಾಗಿ, ಅಟ್ಟದಿಂದ ಸಂವಿಧಾನದ ಪುಸ್ತಕ ಇಳಿಸಿ ಪಂಚೆಯಿಂದ ಧೂಳು ಒರೆಸಿದ.

"ಓಡಿಹೋಗೋದು ಶುದ್ಧ ತಪ್ಪು ಕಣಯ್ಯಾ. ಓಡಿಹೋದ್ರೆ ತಪ್ಪು ಒಪ್ಕೊಂಡ ಹಾಗೆ. ನೀನು ಈ ದೇಶದ ಪ್ರಜೆ. ನಿನಗೆ ಮೂಲಭೂತ ಹಕ್ಕು ಅಂತ ಇದೆ, ಗೊತ್ತಾ?"

"ವಾಪಸ್ ಕೊಟ್ಟಿದಾರಾ ಭಾವಾ?"

"ಇಲ್ನೋಡು, ಇಪ್ಪತ್ತನೇ ವಿಧಿ, ಮೂರನೇ ಖಂಡ." ದ್ವಾರಕಾನಾಥ ಬೆರಳಿಟ್ಟು ಓದಿದ. "ಅಪರಾಧದ ಆರೋಪಕ್ಕೆ ಒಳಗಾದ ಯಾವ ವ್ಯಕ್ತಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡತಕ್ಕದ್ದಲ್ಲ. ಅಂದ್ರೇನು? ಬಾಯಿ ಬಿಡಬೇಡ. ಒಂದು ಕೇಳಲಿ, ನೂರು ಕೇಳಲಿ, ಬಾಯಿ ಬಿಡಬೇಡ. ಕೋಪ ಬರಿಸ್ತಾರೆ, ಟೀ ಕೊಡ್ತಾರೆ. ಹೆಸರು ಕೇಳಿದ್ರೂ ಹೇಳಬೇಡ."

ರಾಮಪ್ರಸಾದನ ಬೆನ್ನು ನೆಟ್ಟಗಾಯಿತು. ಇಷ್ಟು ದಿನ ತನ್ನದೇ ಮನೆಯಲ್ಲಿ ಹೂತಿಟ್ಟಿದ್ದ ಹೊನ್ನಿನ ಕೊಪ್ಪರಿಗೆ ಸಿಕ್ಕಿದ ಹಾಗೆ ಆಯಿತು. ಕಣ್ಣಲ್ಲಿ ನೀರೂ ಬಂತು. ಟೋಪಿ, ಕಂಬಳಿ, ಊರುಗೋಲು ಎಲ್ಲವನ್ನೂ ಅಲ್ಲೇ ಬಿಸಾಕಿ ಆ ಆವೇಶದಲ್ಲೇ ಬಸ್ಸಿಗೆ ಓಡಿದ. ಹಿಂದೆಯೇ ದ್ವಾರಕಾನಾಥ ಪುಸ್ತಕ ಹಿಡಿದುಕೊಂಡು, ಪಂಚೆ ಎತ್ತಿಕೊಂಡು ಓಡಿ ಬಂದ. "ತಾಳಯ್ಯಾ, ಇನ್ನೂ ಒಂದು ವಿಧಿ ಇದೆ, ಅದು ಇದಕ್ಕಿಂತ ಮುಖ್ಯ" ಎಂದು ಕೂಗಿದ. ಬಸ್ಸು ಅಷ್ಟರಲ್ಲಿ ಹೊರಟಿತ್ತು.

ಸ್ಟೇಷನ್ನಿನ ಬಾಗಿಲಲ್ಲಿ ರಾಮಪ್ರಸಾದ ಒಂದು ಸಲ ನಿಂತು ಅಂಗಿ ಸರಿಮಾಡಿಕೊಂಡ. ತುಟಿ ಬಿಗಿದುಕೊಂಡು ಒಳಗೆ ಕಾಲಿಟ್ಟ. ನಲ್ಲಪ್ಪ ತಲೆಯೆತ್ತಿ ನೋಡಿದ, ಮೇಜಿನ ಡ್ರಾಯರಿನಿಂದ ಒಂದು ಕಾಗದ ತೆಗೆದ, ಕಾಗದ ನೋಡಿದ, ಮತ್ತೆ ಮುಖ ನೋಡಿದ. ಕಾಗದದ ಮೂಲೆಯಲ್ಲಿ ರಾಮಪ್ರಸಾದನದೇ ಫೋಟೋ ಅಂಟಿಸಿತ್ತು.

ಪೊಲೀಸರು ತನ್ನ ಫೋಟೋವನ್ನು ಯಾವಾಗ ಸಂಪಾದಿಸಿದರು? ಭಾಷಣದ ದಿನವೇ? ಕಡಲೆಕಾಯಿ ತಿನ್ನುವಾಗಲೇ?

"ರಾಮಪ್ರಸಾದ್ ಅವ್ರಾ? ಬನ್ನಿ ಸಾರ್, ಕೂತ್ಕಳಿ. ಊರಿಂದ ಯಾವಾಗ ಬಂದ್ರಿ?"

ರಾಮಪ್ರಸಾದ ಕೂತ. ಮಾತಾಡಲಿಲ್ಲ.

"ತಂದೆ ಎಸ್ರು?"

ಸುಮ್ಮನಿದ್ದ.

"ಆ ವಠಾರದಾಗೆ ಎಷ್ಟು ವರ್ಸದಿಂದ ಇದೀರಿ?"

ಸುಮ್ಮನಿದ್ದ.

"ನಿಮ್ ಮ್ಯಾಲೆ ಕೇಸು ಗೀಸು ಏನಾರ ಐತಾ?"

ಬಂತು, ಅಸಲು ಪ್ರಶ್ನೆ. ರಾಮಪ್ರಸಾದ ಗೋಡೆಯ ಮೇಲಿನ ಕ್ಯಾಲೆಂಡರಿನ ಲಕ್ಷ್ಮಿಯನ್ನು ದಿಟ್ಟಿಸಿದ. ಭಾವ ಹೇಳಿದ ಹಾಗೇ ಟೀ ಬಂತು. ಕುಡಿದ. ನಾಲಿಗೆ ಸುಟ್ಟಿತು. ಆಗಲೂ ಬಾಯಿ ಬಿಡಲಿಲ್ಲ.

ನಲ್ಲಪ್ಪ ಪೆನ್ನು ಕೆಳಗಿಟ್ಟ. ಎದ್ದು ಮೆಲ್ಲಗೆ ರಾಮಪ್ರಸಾದನ ಬೆನ್ನ ಹಿಂದೆ ಬಂದ. ಲಾಠಿ ಬೀಳುತ್ತದೆ ಎಂದು ರಾಮಪ್ರಸಾದ ಹಲ್ಲು ಕಚ್ಚಿ ಕಣ್ಣು ಮುಚ್ಚಿಕೊಂಡ. ಬಿದ್ದದ್ದು ಅಂಗೈ ಮೇಲೆ ಅಂಗೈ, ಕಿವಿಯ ಹತ್ತಿರ, ಒಂದು ಚಪ್ಪಾಳೆ. ಅವನು ಕುರ್ಚಿಯಿಂದ ಒಂದಡಿ ಮೇಲೆ ಹಾರಿದ.

"ಕಿವಿ ಕೇಳ್ತದೆ," ಎಂದ ನಲ್ಲಪ್ಪ ತನಗೆ ತಾನೇ. "ಮಾತು ಬರಕಿಲ್ಲ. ಅಯ್ಯೋ ಪಾಪ." ಅವನ ಬೆನ್ನು ಸವರಿ, ಕಾಗದದಲ್ಲಿ ಏನನ್ನೋ ಬರೆದುಕೊಂಡು ಇನ್‌ಸ್ಪೆಕ್ಟರ ಕೋಣೆಗೆ ಹೋದ.

ರಾಮಪ್ರಸಾದ ಗೆದ್ದೆ ಎಂದುಕೊಂಡ. ಸಂವಿಧಾನ ಬರೆದವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದ. ಒಳಗಿನಿಂದ ಇನ್‌ಸ್ಪೆಕ್ಟರ ದನಿ ಒಂದೆರಡು ಸಲ ಜೋರಾಗಿ ಕೇಳಿಸಿತು. ಆಮೇಲೆ ಹೊರಗೆ ಜೀಪು ಶುರುವಾಗಿ, ಸಿಟಿಯ ಕಡೆಗೆ ಹೊರಟುಹೋಯಿತು.

ನಲ್ಲಪ್ಪ ವಾಪಸ್ಸು ಬಂದಾಗ ಮುಖ ಸಣ್ಣಗಾಗಿತ್ತು. ಮೂಗನಿಗೆ ಹೇಳುವ ಹಾಗೆ ಕೈಬಾಯಿ ತಿರುಗಿಸುತ್ತಾ, ಜೋರಾಗಿ, ಬಿಡಿಸಿ ಬಿಡಿಸಿ ಹೇಳಿದ.

"ನಾನೇನೋ ಸಣ್ಣ ವಿಚಾರ ಅಂದ್ಕೊಂಡಿದ್ದೆ. ಸರ್ಕಾರಿ ಕಾರ್ಖಾನೆಯೋರು ಕೆಲ್ಸ ಕೊಡೋಕೆ ಮುಂಚೆ, ಮನ್ಸ ಎಂಥೋನು ಅಂತ ನಮ್ಮನ್ನ ಕೇಳ್ತಾರೆ. ಒಳ್ಳೇವ್ನು ಅಂತ ನಾಕು ಅಕ್ಸರ ಬರೆದು ಕಳ್ಸೋದು, ಅಷ್ಟೇ. ನಿಮ್ ಆರ್ಡರು ರೆಡಿ ಐತಂತೆ, ಇದಕ್ಕೋಸ್ಕರ ನಿಂತಿತ್ತು."

ರಾಮಪ್ರಸಾದನ ಬಾಯಿ ತಾನಾಗಿ ತೆರೆಯಿತು. ಶಬ್ದ ಬರಲಿಲ್ಲ.

"ಆದ್ರೆ ಸಾಹೇಬ್ರು ಏನಂದ್ರು ಗೊತ್ತಾ? ಕೆಲ್ಸ ಟೆಲಿಪೋನಿನ ಮುಂದೆ ಮಾತಾಡೋದು. ಈ ಮನ್ಸಂಗೆ ಮಾತೇ ಬರಕಿಲ್ಲ. ಅಕ್ಕಪಕ್ಕದೋರು ಇವನ್ನ ನೋಡೇ ಇಲ್ಲ ಅಂತಾರೆ. ಅಂಗಾದ್ರೆ ಇಂಟರ್‌ವ್ಯೂನಾಗೆ ಮಾತಾಡ್ದೋನು ಯಾರು? ಇವ್ನು ಬೇರೆ ಯಾರನ್ನೋ ತನ್ ಎಸ್ರಲ್ಲಿ ಕಳ್ಸವ್ನೆ. ಮೋಸ. ಅಂಗಂತ ಬರೆದು, ರುಜು ಆಕಿ, ಜೀಪಲ್ಲಿ ಕಳಿಸ್ಬುಟ್ರು."

ಗಂಟಲಲ್ಲಿ ಕಟ್ಟಿದ್ದದ್ದೆಲ್ಲ ಆಗ ಒಡೆಯಿತು. ಆದರೆ ಗಾಬರಿಯಲ್ಲಿ ಮನುಷ್ಯನ ಬಾಯಿಗೆ ಬರುವುದು ಬಾಯಿಪಾಠವಾದದ್ದೇ.

"ನಮಸ್ಕಾರ, ಯಾವ ಎಕ್ಸ್‌ಟೆನ್ಷನ್ ಬೇಕು ಸಾರ್?"

ನಲ್ಲಪ್ಪನ ಕೈಯಿಂದ ಪೆನ್ನು ಬಿತ್ತು.

ಆಮೇಲೆ ನಿಲ್ಲಲಿಲ್ಲ. ತಂದೆಯ ಹೆಸರು, ತಾತನ ಹೆಸರು, ವಠಾರ, ಕಡಲೆಕಾಯಿ, ಚಪ್ಪಾಳೆ, ಕಂಬಳಿ, ಎಲ್ಲ ಒಂದೇ ಉಸಿರಿನಲ್ಲಿ ಬಂತು. ಕೊನೆಗೆ ಇಪ್ಪತ್ತನೇ ವಿಧಿಯ ಮೂರನೇ ಖಂಡವೂ ಬಂತು. ನಲ್ಲಪ್ಪ ಪೂರ್ತಿ ಕೇಳಿಸಿಕೊಂಡ. ಕೇಳುತ್ತಾ ಕೇಳುತ್ತಾ ತಲೆಯ ಮೇಲೆ ಕೈ ಹೊತ್ತ.

"ಜೀಪನ್ನ ವಾಪಸ್ ಕರೆಸಿ ಸಾರ್. ನನಗೆ ಮಾತು ಬರುತ್ತೆ ಅಂತ ಬರೀರಿ."

"ಬರಿಬೋದು ಸಾರ್. ಮಾತು ಬರೋ ಮನ್ಸ ಪೊಲೀಸಿನೋರ ಮುಂದೆ ಮೂಗನ ಆಟ ಯಾಕೆ ಆಡ್ದ ಅಂತ ಕೇಳಿದ್ರೆ ಏನ್ ಬರೀಲಿ? ಮನೇಲಿದ್ದೋನು ಊರಲ್ಲಿಲ್ಲ ಅನ್ನಿಸ್ದ ಅಂತ ಬರೀಲಾ? ತಾತನ ಯೇಸದಲ್ಲಿ ನನ್ ಕೈಯಿಂದ್ಲೇ ಬಸ್ ಅತ್ತಿಸ್ಕಂಡ ಅಂತ ಬರೀಲಾ?"

"ಅದು ನನ್ನ ಹಕ್ಕು ಸಾರ್. ಬಾಯಿ ಬಿಡದೆ ಇರೋ ಹಕ್ಕು."

"ಅದು ಆರೋಪಿಗೆ ಕೊಟ್ಟಿರೋದು," ಎಂದ ನಲ್ಲಪ್ಪ, ನಿಜವಾದ ದುಃಖದಿಂದ. "ನೀವು ಒಳಗೆ ಬರೋವಾಗ ಆರೋಪಿ ಆಗಿರ್ನಿಲ್ಲ ಸಾರ್. ಈಗ ಆಗಿದೀರಿ. ಸೋಮವಾರ ಬೆಳಿಗ್ಗೆ ಇಚಾರಣೆ ಐತೆ, ಬನ್ನಿ. ಇನ್ಮೇಲೆ ಬೇಕಾದ್ರೆ ಬಾಯಿ ಬಿಡ್ಬ್ಯಾಡಿ."

ಸಂಜೆ ರಾಮಪ್ರಸಾದ ವಠಾರದ ಬಾಗಿಲಿಗೆ ಬಂದಾಗ ಹಬ್ಬದ ಸಡಗರವಿತ್ತು. ಪೊಲೀಸು ಬಿಟ್ಟು ಕಳಿಸಿತೆಂದು ಭದ್ರಮ್ಮ ತೆಂಗಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಶ್ಯಾಮಣ್ಣ, "ಏನೂ ಆಗಲ್ಲ ಅಂತ ನಾನು ಬೆಳಿಗ್ಗೇನೇ ಹೇಳಿರ್ಲಿಲ್ವಾ? ನಮ್ಮ ಹುಡುಗ ಎಂಥವನು ಅಂತ ನಮಗೆ ಗೊತ್ತಿಲ್ವಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಜಗಲಿಯ ಮೇಲೆ ದ್ವಾರಕಾನಾಥ ಪುಸ್ತಕದೊಳಗೆ ಬೆರಳಿಟ್ಟುಕೊಂಡು, ಕಂಬಳಿಯನ್ನೂ ತಂದು ಕಾಯುತ್ತಿದ್ದ.

"ಇಪ್ಪತ್ತೆರಡನೇ ವಿಧಿ ಕಣಯ್ಯಾ, ಅದನ್ನ ಹೇಳೋಕೇ ನೀನು ಬಿಡ್ಲಿಲ್ಲ. ಹಿಡಿದ್ರೆ ಯಾಕೆ ಹಿಡಿದ್ವಿ ಅಂತ ಅವರು ಹೇಳಲೇಬೇಕು. ಹಿಡಿದವನಿಗೇ ಹೇಳಬೇಕು ಅಂದಮೇಲೆ, ಸುಮ್ನೆ ಕರೆದವನು ಕೇಳೋದಕ್ಕೇನು ಕಷ್ಟ? ಮೊದಲು ಯಾಕೆ ಅಂತ ಕೇಳು, ಆಮೇಲೆ ಬಾಯಿ ಮುಚ್ಚು ಅಂತ ಅಷ್ಟು ಕೂಗಿದೆ."

ರಾಮಪ್ರಸಾದ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂತ. ವತ್ಸಲಾ ಕುಡಿಯಲು ನೀರು ತಂದು ಮುಂದೆ ಕೂತಳು. ಆ ನೀರನ್ನು ಅವಳು ಮಧ್ಯಾಹ್ನ ಜಗಳವಾಡಿಯೇ ಹಿಡಿದಿರಬೇಕು. ಬೆಳಗಿನಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತನ್ನು ಅವಳು ಈಗ ಕೇಳಿದಳು.

"ರೀ, ಯಾಕೆ ಕರೆದಿದ್ರಂತೆ?"

ರಾಮಪ್ರಸಾದ ಬಾಯಿ ಬಿಡಲಿಲ್ಲ. ಈ ಸಲ ಕಾನೂನು ಪೂರ್ತಿಯಾಗಿ ಅವನ ಕಡೆಗಿತ್ತು.