ಬಾಯಿ ಬಿಟ್ಟ ಕಾವಲುಕಣಗಳು

ಮೌನಿಯ ಬುದ್ಧಿಹಲ್ಲು ಕಿತ್ತ ವೈದ್ಯರು ಕೆನ್ನೆ ಊದದಿರಲೆಂದು ಮಾತ್ರೆ ಕೊಟ್ಟಿದ್ದರು. ಎಲ್ಲ ರಾದ್ಧಾಂತಕ್ಕೂ ಅದೇ ಮೂಲ.

ಮೌನಿ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಅಲ್ಲಿ ಅವನದು ರಕ್ತದ ಕಾವಲುಕಣಗಳನ್ನು ಸಾಕುವ ಕೆಲಸ. ಈ ಕಣಗಳು ರೋಗಾಣುವನ್ನು ನುಂಗಿ, ಅದರ ಚೂರನ್ನು ಮೈಮೇಲೆ ಎತ್ತಿಹಿಡಿದು, ‘ನೋಡ್ರಪ್ಪಾ, ಕಳ್ಳ ಇವನೇ!’ ಎಂದು ಉಳಿದ ಕಣಗಳಿಗೆ ತೋರಿಸುತ್ತವೆ. ಊತ ಇಳಿಸುವ ಔಷಧ ತಗುಲಿದರೆ ಏನೂ ತೋರಿಸದೆ ತೆಪ್ಪಗಾಗುತ್ತವೆ. ಇದನ್ನು ಮರುದಿನದ ಸಭೆಯಲ್ಲಿ ಈ ಸಲ ಮೌನಿಯೇ ವಿವರಿಸಬೇಕಿತ್ತು. ಇಷ್ಟು ವರ್ಷ ಅವನು ದುಡಿದದ್ದನ್ನು ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದವನು ಪಕ್ಕದ ಮೇಜಿನವನು; ಬಾಯಿ ಜೋರಾದ್ದರಿಂದ ಅವನಿಗೆ ಡಂಗುರ ಎಂಬ ಅಡ್ಡಹೆಸರು.

ಹೋಲಿಸಿ ನೋಡಲು ಔಷಧ ಸೋಕದ ರಕ್ತ ಬೇಕಾದಾಗ ಅಲ್ಲಿನವರು ತಮ್ಮ ತೋಳನ್ನೇ ಚಾಚುವುದು ರೂಢಿ. ಅಂದು ಬೆಳಿಗ್ಗೆ ಮೌನಿಯೂ, ಮಾತ್ರೆಯ ನೆನಪಿಲ್ಲದೆ, ಚಾಚಿದ್ದ. ಸಂಜೆ ನೋಡಿದರೆ ಅವನ ಕಣಗಳು ಗುಮ್ಮನಗುಸುಕರಂತೆ ಕೂತಿದ್ದವು.

“ಯಜಮಾನನ ಥರಾನೇ, ಇವಕ್ಕೂ ಬಾಯಿಲ್ಲ ಕಣ್ರೀ!” ಡಂಗುರ ಕೂಗಿದ.

ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಮೌನಿಯತ್ತ ಹುಬ್ಬು ಗಂಟಿಕ್ಕಿದರು. “ನೀವೇ ಏನೋ ಕೆಡಿಸಿದೀರಿ. ನಾಳೆ ಇವರೇ ಮಾತಾಡ್ಲಿ ಬಿಡಿ,” ಎಂದು ಡಂಗುರನತ್ತ ಕೈ ತೋರಿದರು.

ಮೌನಿಗೆ ಎಲ್ಲಿಲ್ಲದ ರೋಷ ಬಂತು. ಜೇಬಿನಿಂದ ಮಾತ್ರೆ ತೆಗೆದು ಮೇಜಿಗೆ ಕುಕ್ಕಿದ. “ಕೆಡಿಸಿದ್ದು ನಾನಲ್ಲ, ಇದು! ನನ್ನ ಕಣಗಳ ಬಾಯಿ ಮುಚ್ಚಿಸಿದ್ದು ಇದೇ! ಇನ್ನು ನುಂಗಲ್ಲ. ನಾಳೆ ಬೆಳಿಗ್ಗೆ ಮತ್ತೆ ರಕ್ತ ತೆಗೀರಿ. ಆಗ್ಲೂ ಸುಮ್ನಿದ್ರೆ ನಾನು ಈ ಕಡೆ ತಲೆ ಹಾಕಲ್ಲ!”

ಅವನಿಗೆ ಇಷ್ಟು ದೊಡ್ಡ ಗಂಟಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

“ಡಾಕ್ಟ್ರನ್ನ ಒಂದ್ಮಾತು ಕೇಳಿ. ಊದ್ಕೊಂಡ್ರೆ ನನ್ನ ಅನ್ಬೇಡಿ,” ಎಂದಳು ಮನೆಯಲ್ಲಿ ಹೆಂಡತಿ.

“ಊದಲಿ! ಇಷ್ಟು ದಿನ ತಗ್ಗಿ ಬಗ್ಗಿ ನಡೆದದ್ದು ಸಾಕು.”

ಮರುದಿನ ಸಂಜೆ ಸಭೆಗೆ ಮುಂಚೆ ಮೇಡಂ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರು. ಮೌನಿಯ ಕಣಗಳು ಚೂರುಗಳನ್ನು ಎತ್ತಿಹಿಡಿದು ಮೆರೆಯುತ್ತಿದ್ದವು.

“ಗೆದ್ರಿ ಕಣ್ರೀ! ನೀವೇ ಮಾತಾಡಿ.”

ಮೌನಿ ಎದೆಯುಬ್ಬಿಸಿ ವೇದಿಕೆ ಹತ್ತಿದ. ಬೆಳಿಗ್ಗೆಯಿಂದ ಮುಖಗವಸು ತೊಟ್ಟಿದ್ದ ಅವನು ಒಂದು ಮಾತೂ ಆಡಿರಲಿಲ್ಲ. ಮೌನಿಯಲ್ಲವೇ, ಯಾರಿಗೂ ಅನುಮಾನ ಬಂದಿರಲಿಲ್ಲ. ಮೈಕಿನ ಮುಂದೆ ನಿಂತು ಮುಖಗವಸು ತೆಗೆದ. ಕೆನ್ನೆ ಬನ್ನಿನಂತೆ ಊದಿತ್ತು. ದವಡೆ ಬಿಗಿದುಕೊಂಡು, ತಿಣುಕಿದರೂ ಬಾಯಿ ಕೂದಲೆಳೆಯಷ್ಟೂ ತೆರೆಯಲಿಲ್ಲ.

ಡಂಗುರ ಚಂಗನೆ ಹಾರಿ ಬಂದು ಮೈಕು ಹಿಡಿದ. “ಸಭಿಕರೇ, ಮಾತ್ರೆ ಬಿಟ್ರೆ ಕಣಗಳು ಬಾಯಿ ಬಿಡ್ತವೆ, ಮನುಷ್ಯ ಬಾಯಿ ಮುಚ್ತಾನೆ. ಸಾಕ್ಷಿ ಇಲ್ಲೇ ನಿಂತಿದೆ!”

ಮೌನಿ ಕೆಳಗಿಳಿಯಲಿಲ್ಲ. ಪರದೆಯ ಮೇಲೆ ಮಿನುಗುತ್ತಿದ್ದ ತನ್ನ ಕಣಗಳತ್ತ ಬೆರಳು ಚಾಚಿ, ಊದಿದ ಕೆನ್ನೆ ಹೊತ್ತು, ಕೊನೆಯವರೆಗೂ ತಲೆಯೆತ್ತಿಯೇ ನಿಂತ. ಚಪ್ಪಾಳೆ ಮಾತ್ರ ಎಂದಿನಂತೆ ಡಂಗುರನಿಗೇ ಬಿತ್ತು.