ದೀಪದ ಸಿ.ಡಿ.

ಕಂಪ್ಯೂಟರ್ ರಿಪೇರಿಯವನ ಕಣ್ಣ ಮುಂದೆ ವಿಚಿತ್ರ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಇಂಟರ್ನೆಟ್ಟು ಫೋನಿನ ತಂತಿಯೊಳಗೆ ಕಿರುಗುಟ್ಟುತ್ತ ಬರುತ್ತಿದ್ದ ಕಾಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಬಸ್ಸಿನಲ್ಲಿ ತಿರುಗುವ ಕಂಪ್ಯೂಟರ್ ಡಾಕ್ಟರ್ ನಾನು. ನನ್ನ ಹೊಟ್ಟೆಪಾಡು ನಿಂತಿದ್ದು ಜನ ಆಡುವ ಒಂದೇ ಮಾತಿನ ಮೇಲೆ: "ಅಂವಾ ಮುಟ್ಟಿದ ಮಷಿನ್ ಕೆಡೂದಿಲ್ಲ." ಆ ಮಾತು ಹೋದರೆ ನಾನೂ ಹೋದಂತೆ.

ಕೆಲಸ ಮುಗಿದ ಮೇಲೆ ಪ್ರತಿ ಗಿರಾಕಿಗೂ ನನ್ನ ಸಿ.ಡಿ.ಯಿಂದ ಒಂದು ಶುಭಾಶಯದ ಫೈಲು ಹಾಕಿಕೊಡುತ್ತಿದ್ದೆ. ಒತ್ತಿದರೆ ಪರದೆಯ ತುಂಬ ದೀಪ ಹೊತ್ತಿಕೊಳ್ಳುತ್ತಿದ್ದವು. ಯಾರೋ ಗುರುತಿಲ್ಲದವರು ಈಮೇಲಿನಲ್ಲಿ ಕಳಿಸಿದ್ದು, ಪುಕ್ಕಟೆ. ಜನಕ್ಕೆ ಬಲು ಖುಷಿ.

ಎಲೆ ಅಡಿಕೆ

ಇಂಡಿಯ ಹಳೆಯ ಗಿರಾಕಿ, ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಮನೆಯಿಂದ ಫೋನು. "ಮಷಿನ್ ಕೈ ಚಾಚಾಕತ್ತೈತ್ರಿ, ಲಗೂ ಬರ್ರಿ!"

ಹೋಗಿ ನೋಡಿದರೆ ಸಿ.ಡಿ. ಇಡುವ ತಟ್ಟೆ ತಾನಾಗಿಯೇ ಹೊರಗೆ ಬರುತ್ತಿದೆ, ಒಳಗೆ ಹೋಗುತ್ತಿದೆ. ಮುಂದೆ ಊದಿನಕಡ್ಡಿ ಹಚ್ಚಿಟ್ಟಿದ್ದರು.

"ಮದಲ ನಿಂಬಿಹಣ್ಣು ಇಟ್ಟೆವ್ರಿ," ಅಂದರು ವ್ಯಾಪಾರಿಯ ತಾಯಿ. "ಹೊಳ್ಳಿ ದಬ್ಬತು. ಇಂಡಿ ನಿಂಬಿಹಣ್ಣು ಒಲ್ಲೆ ಅನ್ನೂದು ಎಂಥಾ ದೇವರ್ರಿ ಇದು?"

"ಆಮ್ಯಾಲೆ?"

"ವೀಳ್ಯದೆಲಿ ಇಟ್ಟೆವು. ಗಪ್ಪನ ಒಳಗ ತಗೊಂತು."

ಪೆಟ್ಟಿಗೆ ಬಿಚ್ಚಿದೆ. ಹನ್ನೊಂದು ಎಲೆ ಸಿಕ್ಕವು. ಒರೆಸಿ, ಮಷಿನ್ನಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಹೊಸದಾಗಿ ತುಂಬಿ, ದೀಪ ಹಚ್ಚಿ ತೋರಿಸಿದೆ. ಅಜ್ಜಿ ಕೈ ಮುಗಿದು ಹೇಳಿದರು: "ಎಲಿಗೆ ಸುಣ್ಣ ಹಚ್ಚಿರಲಿಲ್ರಿ, ಅದಕ್ಕಽ ಸಿಟ್ಟಿಗೆದ್ದಿತ್ತು."

ಬಾರದ ಪಕ್ಷಗಾರ

ಸಿಂದಗಿಯ ವಕೀಲರೂ ನನ್ನ ಹಳೆಯ ಗಿರಾಕಿ; ಅವರ ಪರದೆಯ ಮೇಲೆ ಮೌಸಿನ ಬಾಣ ತಾನೇ ಓಡಾಡುತ್ತಿತ್ತು. ಒಮ್ಮೆ ಇಂಗ್ಲಿಷಿನಲ್ಲಿ 'ನೀನು ಯಾರು?' ಅಂತ ಪ್ರಶ್ನೆಯೂ ಮೂಡಿತಂತೆ.

"ನೀವೇನ್ ಮಾಡಿದ್ರಿ?"

"ವಕೀಲ ಅಂತ ಟೈಪ್ ಹೊಡದೆ. ಕಾಗದಪತ್ರ ತಗೊಂಡು ಸೋಮವಾರ ಬರ್ರಿ ಅಂತನೂ ಹೊಡದೆ. ಇನ್ನೂ ಬಂದಿಲ್ಲ."

ಆಗ ನನಗೆ ಹೊಳೆಯಿತು. ಇದು ದೆವ್ವವೂ ಅಲ್ಲ, ದೇವರೂ ಅಲ್ಲ. ಒಳ್ಳೆಯ ವೇಷ ಹಾಕಿಕೊಂಡು ಒಳಗೆ ಬರುವ ಕಳ್ಳ ಪ್ರೋಗ್ರಾಂ. ಒಮ್ಮೆ ಕೂತಿತೆಂದರೆ ಮಷಿನ್ ಚಾಲೂ ಆದಾಗೆಲ್ಲ ತಾನೂ ಏಳುತ್ತದೆ. ಇಂಟರ್ನೆಟ್ ಹಚ್ಚಿದೊಡನೆ ಎಲ್ಲೋ ಕೂತವನಿಗೆ ಹಿತ್ತಲ ಬಾಗಿಲು ತೆಗೆದುಕೊಡುತ್ತದೆ. ಅವನು ನಮ್ಮ ಕಾಗದ ಓದಬಹುದು, ತಟ್ಟೆ ಆಡಿಸಬಹುದು, ನಾವು ಒತ್ತಿದ ಅಕ್ಷರವನ್ನೆಲ್ಲ ಬರೆದಿಟ್ಟುಕೊಳ್ಳಬಹುದು. ವಕೀಲರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ.

ಅವರು ಪರದೆಯ ಹತ್ತಿರ ಬಗ್ಗಿ ನೋಡಿದರು. "ನಾ ಬರದ ಫೈಲ್ ಎಲ್ಲಾ ಓದ್ಯಾನ? ಅದಕ್ಕಽ ಸೋಮವಾರ ಬರಲಿಲ್ಲ ನೋಡ್ರಿ."

ಅಲ್ಲೂ ಎಲ್ಲ ಅಳಿಸಿ ತುಂಬಿದೆ. ಮನಸ್ಸಿಗೆ ಸಮಾಧಾನವಾಗಲೆಂದು ದೀಪವನ್ನೂ ಹಚ್ಚಿದೆ.

ತಲೆಕೆಳಗು

ಮುದ್ದೇಬಿಹಾಳದ ಫೋಟೋ ಸ್ಟುಡಿಯೋದವರು ಈ ಸಲ ಕರೆದದ್ದು ಪ್ರಿಂಟರ್ ನೋಡಲಿಕ್ಕೆ. ನೋಡಿದರೆ ಪರದೆಯೇ ಪೂರ್ತಿ ತಲೆಕೆಳಗು.

"ಹಿಂಗಾಗಿ ಎಷ್ಟು ದಿನ ಆತ್ರಿ?"

"ಹದಿನೈದು ದಿನ. ನಮ್ಮಪ್ಪನ ಪೆಟ್ಟಿಗಿ ಕ್ಯಾಮೆರಾದಾಗೂ ಮಂದಿ ತಲೆಕೆಳಗಽ ಕಾಣತಿದ್ರು. ಇದೂ ಹಂಗಽ ಇರತೈತಿ ಅನಕೊಂಡೆ. ರೂಢಿ ಆಗೈತ್ರಿ."

ಅಳಿಸಿ, ತುಂಬಿ, ನೆಟ್ಟಗೆ ಮಾಡಿ, ದೀಪ ಹಚ್ಚಿ ಬಂದೆ. ಮರುದಿನ ಅವರದೇ ಫೋನು: "ನೆಟ್ಟಗ ನೋಡಿ ನೋಡಿ ತಲಿ ತಿರಗಾಕತ್ತಿತ್ರಿ. ಈಗ ತಾನಽ ಹೊಳ್ಳಿ ತಲೆಕೆಳಗಾತು. ಬರೋಬರಿ ಐತಿ, ನೀವು ಬರೂದು ಬ್ಯಾಡ."

ಹೆಪ್ಪು

ಸ್ಟುಡಿಯೋದವರು ಬೇಡವೆಂದರೂ ನನಗೆ ಚಿಂತೆ ಹತ್ತಿತು. ನಾನು ಮುಟ್ಟಿದ ಮಷಿನ್ ಒಂದೇ ದಿನದಲ್ಲಿ ಮತ್ತೆ ಕೆಟ್ಟಿತ್ತು.

ಅದೇ ವಾರ ಬಾಗೇವಾಡಿಯ ನಿವೃತ್ತ ಹೆಡ್‌ಮಾಸ್ತರಬಾಯಿ ಕರೆಸಿದರು. ಶಾಲೆಯ ಹಾಜರಿ ಬರೆದು ರೂಢಿಯಾದ ಕೈ; ನಾನು ಬಂದು ಹೋದದ್ದನ್ನೂ ವಹಿಯಲ್ಲಿ ಬರೆದಿಟ್ಟಿದ್ದರು.

"ಮದಲನೆ ಸಲ ದೀಪ ಹಾಕಿದ್ರಿ. ಮರುದಿನ ಬಾಣ ಓಡಾಡಿತು. ಎರಡನೆ ಸಲ ಎಲ್ಲಾ ಅಳಿಸಿ, ತುಂಬಿ, ಇನ್ನ ದೀಪ ಹಾಕಬೇಕು ಅನ್ನೂದರಾಗ ಕರೆಂಟ್ ಹೋತು. ಹಂಗಽ ಹೋದ್ರಿ. ಎರಡು ತಿಂಗಳು ಏನೂ ಇಲ್ಲ. ಮೊನ್ನೆ ನೀವು ಧೂಳ ಒರಸಾಕ ಬಂದವರು ಬಾಕಿ ಉಳದಿತ್ತು ಅಂತ ದೀಪ ಹಾಕಿದ್ರಿ. ನಿನ್ನೆಯಿಂದ ಮತ್ತ ಶುರು."

ಚೀಲದಿಂದ ಸಿ.ಡಿ. ತೆಗೆದೆ. ಹೊಸ ಆಂಟಿವೈರಸ್ಸಿನಿಂದ ನನ್ನ ಸಿ.ಡಿ.ಯನ್ನೇ ತಪಾಸಣೆ ಮಾಡಿದೆ. ದೀಪದ ಫೈಲಿಗೆ ಬರುತ್ತಲೇ ಅದು ಬಡಕೊಳ್ಳತೊಡಗಿತು.

"ನಿಮ್ಮ ಸಿ.ಡಿ.ಯಾಗ ಇರೂದು ಔಷಧ ಅಲ್ರಿ, ಹೆಪ್ಪು," ಅಂದರು ಮಾಸ್ತರಬಾಯಿ. "ಮನಿ ಮನಿಗೆ ಹೆಪ್ಪು ಹಾಕಿ ಬಂದೀರಿ."

ನಾಚಿಕೆಯಿಂದ ನೆಲ ನೋಡಿದೆ. ಹೇಳದೆ ಸುಮ್ಮನಿದ್ದುಬಿಡಲೇ ಅಂತಲೂ ಅನ್ನಿಸಿತು. ಆದರೆ ಅವರು ವಹಿ ಮುಚ್ಚುತ್ತ, "ಇಂಡಿ ಬಸ್ ಹನ್ನೊಂದಕ್ಕ ಐತಿ," ಅಂದರು. ಎದ್ದು ಹೊರಟೆ.

ಇಂಡಿಯಲ್ಲಿ ಅಜ್ಜಿ ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿದರು.

"ಅಂದ್ರ ಮಷಿನ್‌ಗೆ ದೆವ್ವಾಗಿ ಬಡದಿದ್ದು ನೀವಽ ಏನು?"

"ಹೌದ್ರಿ."

"ಕೆಡಿಸಿದವರು ತಾವಽ ಬಂದು ಹೇಳೀರಿ. ಇನ್ನ ಮ್ಯಾಲೂ ನೀವಽ ಬರ್ರಿ. ಈಗ ಇಲ್ಲಿ ಕುಂದರ್ರಿ."

ಒಳಗೆ ಹೋಗಿ ದೊಡ್ಡದೊಂದು ನಿಂಬೆಹಣ್ಣು ತಂದು ನನ್ನ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಕೈಯಲ್ಲಿಟ್ಟರು. "ಹೋಗೂ ದಾರ್ಯಾಗ ಒಗೀರಿ."

ನಾನು ಹೊಳ್ಳಿ ದಬ್ಬಲಿಲ್ಲ.