ಸಿಂಬಿಯ ಸಿಂಹಾಸನ

ನನ್ನ ನೋವು ನನ್ನಲ್ಲೇ ಮಣ್ಣಾಗಬೇಕು, ಹೆಂಡತಿಗೂ ತಿಳಿಯಬಾರದು! ಹೀಗೆಂದು ಭೀಷ್ಮಪ್ರತಿಜ್ಞೆ ಮಾಡಿದೆ. ನೋವಿನ ಜಾಗವೇ ಹಾಗಿತ್ತು. ಮುಂದಿನದೂ ಅಲ್ಲ, ಹಿಂದಿನದೂ ಅಲ್ಲ. ಇಂಡಿಗೂ ಸೇರದ, ಸಿಂದಗಿಗೂ ಸೇರದ ಗಡಿನಾಡು! ಕಾನ್ವೆಂಟಿನ ಸಿಸ್ಟರ್ ಮನುಷ್ಯದೇಹದ ಪಾಠ ಮಾಡುವಾಗ ಹೊಟ್ಟೆಯಿಂದ ನೇರ ಮೊಣಕಾಲಿಗೆ ಜಿಗಿದಿದ್ದರು. ಆ ಸೀಮೆಗೆ ಹೆಸರುಂಟೆಂಬುದೇ ನನಗೆ ಗೊತ್ತಿರಲಿಲ್ಲ.

ಡಾಕ್ಟರು ತಪಾಸಣೆ ಮಾಡಿ, "ದಿನಾ ಇಂಡಿ-ಸಿಂದಗಿ ಬೈಕ್ ಹೊಡದ್ರ ಇನ್ನೇನಾಗ್ತೈತ್ರಿ? ಗಾಬರಿ ಆಗೂವಂಥಾದ್ದೇನಿಲ್ಲ. ಬಸ್ಸಿಗೆ ಹೋಗ್ರಿ. ಟಬ್ಬಿನಾಗ ಬೆಚ್ಚನ್ನ ನೀರು ಹಾಕ್ಕೊಂಡು ಕುಂದರ್ರಿ. ಕುರ್ಚಿ ಮ್ಯಾಲ ನಡುವ ತೂತಿರೋ ದಿಂಬು ಹಾಕ್ಕೋರಿ" ಎಂದರು.

ಇಂಡಿ ಬಜಾರಿನಲ್ಲಿ ತೂತಿನ ದಿಂಬು ಕೇಳಿದರೆ ಸಂಜೆಯೊಳಗೆ ತಾಂಬಾ ಹಳ್ಳಿಯವರೆಗೆ ಸುದ್ದಿ! ಆಗ ಅಡುಗೆಮನೆಯ ಗೂಟದಲ್ಲಿ ಕಂಡಿತು ಸಿಂಬಿ. ತೋಟದಿಂದ ನಿಂಬೆಹಣ್ಣಿನ ಬುಟ್ಟಿ ಹೊರುವಾಗ ಹೆಂಡತಿ ಶೈಲಶ್ರೀ ತಲೆಗಿಟ್ಟುಕೊಳ್ಳುವ, ಹಳೇ ಸೀರೆ ಸುತ್ತಿ ಮಾಡಿದ ಬಳೆಯಾಕಾರದ ಮೆತ್ತೆ. ಗುಂಡಗೆ, ಮೆತ್ತಗೆ, ನಡುವೆ ತೂತು! ನನ್ನ ಕುರ್ಚಿಗಿಟ್ಟು ಮೇಲೆ ಟವೆಲ್ ಹೊದಿಸಿದೆ. ಕೂತೆ. ಕೈಲಾಸ!

ಭಾನುವಾರ ಮಗಳ ಸಂಬಂಧ ಗಟ್ಟಿ ಮಾಡಲು ಬಾಗೇವಾಡಿಯಿಂದ ಹುಡುಗನ ತಂದೆ ಖಂಡೆಪ್ಪನವರು ಮನೆಯವರೊಂದಿಗೆ ಬಂದರು. ಹುಡುಗ-ಹುಡುಗಿ ಒಪ್ಪಿಯಾಗಿತ್ತು, ಹಿರಿಯರ ಮಾತೊಂದೇ ಬಾಕಿ.

"ಕುಂದರ್ರಿ."

"ಇರ್ಲಿ ಬಿಡ್ರಿ, ನಿಂತs ಆರಾಮ ಐತಿ."

ಬೀಗರು ನಿಂತಾಗ ಹೆಣ್ಣಿನ ತಂದೆ ಕೂಡುವುದುಂಟೆ? ನಾನೂ ನಿಂತೆ. ನಾವಿಬ್ಬರೂ ನಿಂತೆವೆಂದು ಎಲ್ಲರೂ ಎದ್ದರು. ರಾಷ್ಟ್ರಗೀತೆಗೆ ನಿಂತವರ ಹಾಗೆ ನಿಂತೇ ಚಹಾ ಕುಡಿದೆವು!

ಶೈಲಶ್ರೀ ಪಕ್ಕೆ ತಿವಿದಳು: "ನಮ್ಮನ್ಯಾಗ ಕುಂದರವಲ್ಲರು ಅಂದ್ರ ಸಂಬಂಧ ಒಲ್ಲೆ ಅಂದಂಗ್ರಿ! ಮಗಳ ಮಾರಿ ನೋಡ್ರಿ."

ಬಾಗಿಲ ಸಂದಿಯಲ್ಲಿ ಮಗಳ ಕಣ್ಣು ತುಂಬಿತ್ತು. ಖಂಡೆಪ್ಪನವರ ರಟ್ಟೆ ಹಿಡಿದು, "ಹಿಂಗಾದ್ರ ಆಗೂದಿಲ್ರಿ!" ಎನ್ನುತ್ತ ಹತ್ತಿರವಿದ್ದ ಕುರ್ಚಿಯಲ್ಲಿ ಒತ್ತಿ ಕೂಡಿಸಿಯೇ ಬಿಟ್ಟೆ. ಆಮೇಲೆ ನೆನಪಾಯಿತು, ಅದು ನನ್ನ ಕುರ್ಚಿ!

ಅವರ ಮುಖ ಮೊದಲು ಕಿವುಚಿಕೊಂಡಿತು; ಆಮೇಲೆ ಮೆಲ್ಲಗೆ ಅರಳಿತು. ಕೆಳಗೆ ಕೈಹಾಕಿ ಸಿಂಬಿ ಹೊರಗೆಳೆದರು.

"ಅಯ್ಯ ಶಿವನ! ನನ್ನ ಸಿಂಬಿ! ಯಾರು ಇಟ್ಟಾರ ಅಲ್ಲಿ?" ಎಂದಳು ಶೈಲಶ್ರೀ.

"ನಾನs..." ತಲೆ ತಗ್ಗಿಸಿದೆ.

ಖಂಡೆಪ್ಪನವರು ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು: "ನಿಮ್ದು ಬೈಕಿಂದೇನ್ರಿ?"

"ಹೌದ್ರಿ."

"ನಂದು ಟ್ರ್ಯಾಕ್ಟರಿಂದ್ರಿ. ಬಸ್ಸಿನಾಗೂ ನಿಂತs ಬಂದೇನಿ." ಸಿಂಬಿಯನ್ನು ಮತ್ತೆ ಕೆಳಗಿಟ್ಟು ಭದ್ರವಾಗಿ ಕೂತರು. "ಎಲಿ-ಅಡಕಿ ತರ್ರಿ ಬೀಗರ, ಮಾತು ಮುಗಸೂಣು. ನಾ ಇನ್ನ ಏಳಾಂವಲ್ಲ!"

ಆ ಸಂತೋಷಕ್ಕೆ ನಾನೂ ಪಕ್ಕದ ಮರದ ಕುರ್ಚಿಯಲ್ಲಿ ಧೊಪ್ಪನೆ ಕೂತೆ. "ಅಯ್ಯಯ್ಯಪ್ಪಾ!" ನನ್ನ ಗುಟ್ಟು ಓಣಿಗೆಲ್ಲ ಕೇಳಿತು.

ಎಲೆಯ ತಟ್ಟೆ ಹಿಡಿದು ಬಂದ ಶೈಲಶ್ರೀ ಬೀಗರ ಎದುರಿಗೇ ಅಂದಳು: "ಇಷ್ಟು ವರ್ಷ ನನ್ನ ತಲಿ ಮ್ಯಾಲ ಕುಂತ್ರಿ. ಸಿಂಬಿ ಒಂದು ಉಳದಿತ್ತು, ಅದನ್ನೂ ಬಿಡಲಿಲ್ಲ ನೋಡ್ರಿ!"